ನೀರಿನ ಮೇಲೆ ಬಿಟ್ಟ ಉಸಿರು

ಆ ವರ್ಷದ ಜ್ವರ ನಿಲಂಗಾಕ್ಕಿಂತ ಮೊದಲು ಉದಗೀರಕ್ಕೆ ಬಂತು. ಉಸ್ತಾದರು ಹಾಸಿಗೆ ಹಿಡಿದಿದ್ದಾರೆ, ನನ್ನನ್ನು ಕರೆಯುತ್ತಿದ್ದಾರೆ ಎಂದು ಬಂಡಿಯವನೊಬ್ಬ ನಮ್ಮ ಬಾಗಿಲಿಗೆ ಬಂದು ಹೇಳಿದಾಗ ನನಗೆ ಇಪ್ಪತ್ತೆಂಟು ವರ್ಷ. ಆ ಕರೆ ಬಂದ ಮೇಲೆ ನಾನು ಏನು ಮಾಡಿದೆ ಎನ್ನುವುದನ್ನು ವರ್ಷಕ್ಕಿಂತ ಹೆಚ್ಚು ಕಾಲ ಯಾರಿಗೂ ಹೇಳಲಿಲ್ಲ. ಅದನ್ನು ಹೇಳುವ ಮೊದಲು ಉಸ್ತಾದರು ಯಾರು, ನಾನು ಅವರ ಹತ್ತಿರ ಹೇಗೆ ಹೋದೆ ಎನ್ನುವುದನ್ನು ಹೇಳಬೇಕು.

ನಮ್ಮದು ಅಯ್ಯನವರ ಮನೆ. ಅಪ್ಪ ನಿಲಂಗಾದ ಸುತ್ತ ಹತ್ತಾರು ಒಕ್ಕಲಿಗರ ಮನೆಗಳಿಗೆ ಲಗ್ನ, ಲಿಂಗಧಾರಣೆ, ಸಾವಿನ ಕೆಲಸ ಮಾಡಿಸುತ್ತಿದ್ದರು. ನನಗೆ ಮಂತ್ರಕ್ಕಿಂತ ಅಕ್ಷರದ ಮೇಲೆ ಪ್ರೀತಿ. ಶ್ರಾವಣದಲ್ಲಿ ಓದಿಸುವ ಪುರಾಣಗಳನ್ನು ಮನೆ ಮನೆಗೆ ಪ್ರತಿ ಮಾಡಿ ಕೊಡುವುದು ನನ್ನ ಕೆಲಸವಾಯಿತು. ಬರೆದದ್ದೇನೋ ಚೆನ್ನಾಗಿರುತ್ತಿತ್ತು, ಆದರೆ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಹೊಲಿಗೆ ಬಿಚ್ಚಿ, ಗೆದ್ದಲು ಹತ್ತಿ, ಪೋಥಿ ಪುಡಿಯಾಗುತ್ತಿತ್ತು. ಮಠದ ಹಿರಿಯರು ಒಂದು ದಿನ ಮೂರು ಹಳೆಯ ಪೋಥಿಗಳನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟು, ಉದಗೀರದ ಕೋಟೆಯ ಹಿಂದೆ ಕಚೇರಿಯ ದಫ್ತರಗಳನ್ನು ಕಟ್ಟುವ ಮುದುಕರೊಬ್ಬರಿದ್ದಾರೆ, ಅವರಿಂದ ಕಟ್ಟಿಸಿಕೊಂಡು ಬಾ ಎಂದು ಕಳಿಸಿದರು.

ನಾನು ಹೋದಾಗ ಆ ಮುದುಕರು ಪಡಸಾಲೆಯಲ್ಲಿ ತಾಮ್ರದ ಪರಾತದ ಮುಂದೆ ಕುಳಿತಿದ್ದರು. ಅಗಲವಾದ, ಅಂಗೈಯಷ್ಟು ಆಳದ ಪರಾತ, ತುಂಬ ನೀರು. ಎರಡು ಕೈಯಲ್ಲಿ ಎರಡು ಕುಂಚ. ಬಲಗೈಯದು ಮಸಿಯದು. ಅದರ ತುದಿ ನೀರಿಗೆ ಸೋಕಿದೊಡನೆ ಕಪ್ಪು ಬೊಟ್ಟೊಂದು ಬಿಚ್ಚಿ ಅಗಲವಾಯಿತು. ಎಡಗೈಯದು ಅಂಟುವಾಳದ ಕಾಯಿ ನೆನೆಸಿದ ನೀರಿನದು. ಅದನ್ನು ಕಪ್ಪಿನ ನಡುವೆ ಮುಟ್ಟಿಸಿದರು, ಕಪ್ಪು ಬಳೆಯಾಗಿ ಹಿಂದೆ ಸರಿಯಿತು. ಮತ್ತೆ ಮಸಿ, ಮತ್ತೆ ಅಂಟುವಾಳ. ನೋಡುತ್ತಿದ್ದಂತೆ ಬಳೆಯೊಳಗೆ ಬಳೆ, ನೂರಾದವು. ಆಮೇಲೆ ಕುಂಚ ಕೆಳಗಿಟ್ಟು ಮುಖ ಬಾಗಿಸಿ ನೀರಿನ ಮೇಲೆ ಉಸಿರು ಬಿಟ್ಟರು. ಮೂರು ಸಣ್ಣ ಉಸಿರು, ಒಂದು ಉದ್ದದ್ದು. ಮುಂದಿನ ಹಲ್ಲೊಂದು ಇರಲಿಲ್ಲವಾದ್ದರಿಂದ ಉದ್ದ ಉಸಿರಿನ ಕೊನೆಗೆ ಸಣ್ಣ ಸೀಟಿಯ ಸದ್ದು. ಬಳೆಗಳೆಲ್ಲ ಒಂದು ಕಡೆಗೆ ವಾಲಿ, ಬೆಟ್ಟದ ಮೇಲೆ ಮೋಡ ಹಾಯುವಂತೆ ಸರಿದವು. ಕಾಗದದ ಎರಡು ಮೂಲೆ ಹಿಡಿದು, ಜೋತ ನಡುಭಾಗ ಮೊದಲು ಮುಟ್ಟುವಂತೆ ಇಳಿಸಿ ಎತ್ತಿದರು. ಮೋಡ ಕಾಗದಕ್ಕೆ ಬಂದಿತ್ತು. ನೀರು ತಿಳಿಯಾಗಿತ್ತು.

ಪೋಥಿ ಕಟ್ಟಲು ಕೊಡುವುದನ್ನೂ ಮರೆತು, "ಇದನ್ನ ನನಗ ಕಲಿಸ್ರಿ," ಎಂದೆ.

ಅವರು ನನ್ನ ವಿಭೂತಿಯನ್ನು ನೋಡಿದರು. "ಅಯ್ಯಾ, ನಮ್ಮ ಮಂದಿ ಇದನ್ನ ಅಬ್ರಿ ಅಂತಾರ. ನಮ್ಮ ಅಜ್ಜ ಮಾಡೂದು ಬ್ಯಾರೆ, ಬಣ್ಣದ್ದು. ಅದಕ್ಕ ಎತ್ತಿನ ಪಿತ್ತ ಬೇಕು. ನಿಮ್ಮ ಪೋಥಿ ರಟ್ಟಿನ ಒಳಗ ಹಚ್ಚಲಿಕ್ಕೆ ಅದು ನಡಿಯೂದಿಲ್ಲ. ಇದು ಬರೇ ಮಸಿ. ಇದಕ್ಕ ಏನೂ ಅಡ್ಡಿ ಇಲ್ಲ."

ಈ ಮಸಿಯ ವಿದ್ಯೆ ಅವರ ಅಜ್ಜನದಲ್ಲ. ಪ್ರಾಯದಲ್ಲಿ ಹೈದರಾಬಾದಿನ ದೊಡ್ಡವರೊಬ್ಬರ ಮನೆಗೆ ಪುಸ್ತಕ ಕಟ್ಟಲು ಹೋದಾಗ ಅಲ್ಲಿ ಜಪಾನಿನಿಂದ ಬಂದ ಒಂದು ಪೆಟ್ಟಿಗೆ ಕಂಡಿದ್ದರಂತೆ. ಅದರ ಒಳಗಡೆ ಅಂಟಿಸಿದ ಕಾಗದದ ಮೇಲೆ ಬಣ್ಣವಿಲ್ಲ, ಹೂವಿಲ್ಲ, ಕಪ್ಪು ಬಳೆಗಳಷ್ಟೇ. ಯಾರಿಗೂ ಅದನ್ನು ಮಾಡಿದ್ದು ಹೇಗೆಂದು ಗೊತ್ತಿರಲಿಲ್ಲ. ಉಸ್ತಾದರು ಮನೆಗೆ ಬಂದು ಏಳು ವರ್ಷ ನೀರು ಕೆಡಿಸಿ ಕೆಡಿಸಿ ಅದನ್ನು ತಾವೇ ಕಂಡುಕೊಂಡಿದ್ದರು.

ಹಾಗೆ ನಾನು ವರ್ಷಕ್ಕೆ ಮೂರು ನಾಲ್ಕು ಸಲ ಉದಗೀರಕ್ಕೆ ಹೋಗತೊಡಗಿದೆ. ಊಟ, ವಸ್ತಿ ಅಲ್ಲಿಯ ಮಠದಲ್ಲಿ. ಹಗಲೆಲ್ಲ ಉಸ್ತಾದರ ಪಡಸಾಲೆಯಲ್ಲಿ. ಮಠದ ಬಾವಿಯ ನೀರನ್ನು ನಾನೇ ಹೊತ್ತು ತರುತ್ತಿದ್ದೆ. ಅವರ ಹೆಂಡತಿ, ನಾನು ಬೀಬಿ ಅಮ್ಮ ಎನ್ನುತ್ತಿದ್ದೆ, ಒಳಗಿನಿಂದಲೇ ಮಾತಾಡಿಸುವರು. ಅವರ ತವರು ಭಾಲ್ಕಿ. ಕನ್ನಡ ನಮ್ಮ ಹಾಗೆಯೇ ಬರುತ್ತಿತ್ತು. ಮಕ್ಕಳಿಲ್ಲ. ದಿನದ ಕೊನೆಗೆ ಪರಾತ ತೊಳೆದು ಬೋರಲು ಹಾಕುವುದು ಅವರ ಕೆಲಸ.

ಆರು ವರ್ಷ ಕಲಿತರೂ ನನ್ನ ಕಾಗದ ಒಮ್ಮೆಯೂ ನೆಟ್ಟಗಾಗಲಿಲ್ಲ. ಬಳೆಗಳು ಬರುತ್ತಿದ್ದವು, ಬಾಗಿ ಉಸಿರು ಬಿಟ್ಟೊಡನೆ ಹರಿದು ಚಿಂದಿಯಾಗುತ್ತಿದ್ದವು. ಉಸ್ತಾದರು ಬಯ್ಯುವವರಲ್ಲ. ಪ್ರತಿ ಸಲ ಒಂದೇ ಮಾತು:

"ನೀ ಊದತಿ. ಊದಬ್ಯಾಡ, ಅಯ್ಯಾ. ಬಿಡು."

ಊದುವುದಕ್ಕೂ ಬಿಡುವುದಕ್ಕೂ ಏನು ಅಂತರವೆಂದು ನನಗೆ ತಿಳಿಯಲೇ ಇಲ್ಲ.

ಆಮೇಲೆ ಜ್ವರ ಬಂತು. ಬಂಡಿಯವನು ಅಂಗಳದಲ್ಲಿ ನಿಂತೇ ಹೇಳಿದ: "ಉಸ್ತಾದ್ರು ಭಾಳ ಸೋತಾರ್ರೀ. ಅಯ್ಯ ಬಂದು ನನ್ನ ಮುಂದ ಒಂದು ಕಾಗದ ಮಾಡ್ಲಿ, ನೋಡಿ ಹೋಗ್ತೀನಿ ಅಂತ ಹೇಳಿ ಕಳಸ್ಯಾರ."

ಮರುದಿನ ಬೆಳಗಾಗುತ್ತಲೇ ಬಂಡಿ ಹೂಡಿಕೊಂಡು ಒಬ್ಬನೇ ಹೊರಟೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ದಾರಿ ಮುಗಿದಿತ್ತು. ದಾರಿ ಬದಿಯ ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸಲು ಇಳಿದೆ. ಅಲ್ಲಿ ಇನ್ನೊಂದು ಬಂಡಿ ನಿಂತಿತ್ತು. ಎತ್ತುಗಳ ಕೊರಳ ನೊಗ ಬಿಚ್ಚಿರಲಿಲ್ಲ. ಬಂಡಿಯಲ್ಲಿ ಕಂಬಳಿ ಹೊದ್ದು ಇಬ್ಬರು ಮಲಗಿದ್ದರು, ಒಬ್ಬರು ದೊಡ್ಡವರು, ಒಬ್ಬರು ಸಣ್ಣವರು. ಕರೆದೆ. ಮಾತಿಲ್ಲ. ಕಂಬಳಿಯ ಮೇಲೆ ನೊಣ. ಎತ್ತುಗಳು ಮಾತ್ರ ನನ್ನ ಕಡೆ ತಿರುಗಿ ನೋಡಿ ಮತ್ತೆ ಮೆಲುಕು ಹಾಕಿದವು.

ಆ ಎತ್ತುಗಳ ನೊಗವನ್ನಾದರೂ ನಾನು ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ನನ್ನ ಬಂಡಿಯನ್ನು ನಿಲಂಗಾದ ಕಡೆ ತಿರುಗಿಸಿದೆ. ಮನೆಯಲ್ಲಿ, "ದಾರಿ ಬಂದ್ ಮಾಡ್ಯಾರ, ಯಾರನ್ನೂ ಬಿಡವಲ್ಲರು," ಎಂದು ಹೇಳಿದೆ. ಎಲ್ಲರೂ ನಂಬಿದರು. ಅಪ್ಪ, "ಛಲೋ ಆತು ಬಂದಿ," ಎಂದರು. ಎಂಟನೆಯ ದಿನ ಉಸ್ತಾದರು ಹೋದ ಸುದ್ದಿ ಬಂತು.

ಜ್ವರ ನಮ್ಮೂರಿಗೂ ಬಂದು, ತೆಗೆದುಕೊಳ್ಳುವಷ್ಟು ಜನರನ್ನು ತೆಗೆದುಕೊಂಡು ಹೋಯಿತು. ನಮ್ಮ ಮನೆಗೆ ಬರಲಿಲ್ಲ. ಅದೂ ನನಗೆ ಒಂದು ಶಿಕ್ಷೆಯಂತೆ ಕಂಡಿತು.

ಎರಡು ತಿಂಗಳ ಮೇಲೆ, ಲೋಹಾರಾ ಊರಿನ ಮನೆಯೊಂದಕ್ಕೆ ಬರೆದ ಪೋಥಿ ಕಟ್ಟಬೇಕಾಗಿ, ನನ್ನದೇ ಪರಾತದಲ್ಲಿ ನೀರು ತುಂಬಿ ಕುಳಿತೆ. ಹಗಲು, ಊಟದ ಮುಂಚಿನ ಹೊತ್ತು. ಮಸಿ ಇಟ್ಟೆ, ಅಂಟುವಾಳ ಇಟ್ಟೆ, ಬಾಗಿದೆ. ಬಳೆಗಳು ಒಂದೂ ಹರಿಯದೆ ಮೋಡದ ಹಾಗೆ ಸಾಲಾಗಿ ವಾಲಿದವು. ಆರು ವರ್ಷದಲ್ಲಿ ಆಗದ್ದು ಆಗಿತ್ತು. ಸಂತೋಷಪಡಬೇಕೆನ್ನುವಾಗ ಕಿವಿಗೆ ಬಿತ್ತು: ಮೂರು ಸಣ್ಣ ಉಸಿರು, ಒಂದು ಉದ್ದದ್ದು, ಕೊನೆಗೆ ಸೀಟಿ. ನನ್ನ ಬಾಯಲ್ಲಿ ಮೂವತ್ತೆರಡೂ ಹಲ್ಲಿದ್ದವು.

ನನ್ನಾಕೆ ಅಡಿಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಒಂದು ತಂಬಿಗೆ ಮಜ್ಜಿಗೆ. ಪಡಸಾಲೆಯನ್ನೆಲ್ಲ ನೋಡಿದಳು.

"ಯಾರ ಬಂದಿದ್ರು?"

"ಯಾರೂ ಇಲ್ಲ."

"ಯಾರೋ ಮುದುಕರು ಕುಂತಂಗ ಕೇಳಸ್ತು. ಅದಕ್ಕ ಮಜ್ಜಿಗಿ ತಂದೆ." ಆಮೇಲೆ ತಂಬಿಗೆಯನ್ನು ನನ್ನ ಹತ್ತಿರ ಇಟ್ಟು ಒಳಗೆ ಹೋದಳು. ನಾನು ಅದನ್ನು ಕುಡಿಯಲಿಲ್ಲ. ಪರಾತವನ್ನು ಅಟ್ಟಕ್ಕೆ ಹಾಕಿದೆ.

ಮುಂದಿನ ಚಳಿಗಾಲದಲ್ಲಿ ಮಠದವರು ಹೇಳಿ ಕಳಿಸಿದರು: ಉದಗೀರದ ಉಸ್ತಾದರ ಹೆಂಡತಿ ನಿನ್ನನ್ನು ನೋಡಬೇಕಂತೆ. ಈ ಸಲ ಹೋಗದೆ ಇರಲು ನೆಪವಿರಲಿಲ್ಲ. ಆ ಬಾವಿಯ ದಾರಿಯಲ್ಲೇ ಹೋದೆ. ಬಾವಿ ಬಂದಾಗ ಕಣ್ಣು ಮುಚ್ಚಿಕೊಂಡೆ.

ಬೀಬಿ ಅಮ್ಮನಿಗೆ ಕಣ್ಣು ಹೋಗಿದ್ದವು. ಮೊದಲೇ ಮಂಜಾಗಿದ್ದವು, ಒಂದು ವರ್ಷದಲ್ಲಿ ಪೂರಾ ಬೆಳ್ಳಗಾಗಿದ್ದವು. ಪಡಸಾಲೆಯಲ್ಲಿ ಪರಾತ ಇತ್ತು, ತೊಳೆದು ಒರೆಸಿ ಇಟ್ಟದ್ದು. ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. "ಅಯ್ಯಾ, ನನಗೋಸ್ಕರ ಒಂದು ಕಾಗದ ಮಾಡು," ಎಂದರು.

"ನಿಮಗ ಕಾಣೂದಿಲ್ಲಲ್ರಿ, ಅಮ್ಮಾ."

"ಕಾಣೂದ ಬ್ಯಾಡ."

ನೀರು ತಂದು ಕುಳಿತೆ. ಅವರು ಎದುರು ಕುಳಿತು ಪರಾತದ ಅಂಚಿನ ಮೇಲೆ ಬೆರಳಿಟ್ಟರು. ನಾನು ಬಾಗಿದಾಗ ಮತ್ತೆ ಅದೇ ಉಸಿರು ಬಂತು. ಅವರು ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ, "ಇನ್ನೊಂದು," ಎಂದರು.

ಹಾಗೆ ತಿಂಗಳಿಗೊಮ್ಮೆ ಹೋಗುವುದು ರೂಢಿಯಾಯಿತು. ನನ್ನ ತಪ್ಪಿಗೆ ಇದು ಪ್ರಾಯಶ್ಚಿತ್ತ ಎಂದುಕೊಂಡೆ. ನಾಲ್ಕನೆಯ ಸಲವೋ ಐದನೆಯ ಸಲವೋ ಬೀಬಿ ಅಮ್ಮ ಆ ಉಸಿರಿನೊಡನೆ ಮಾತಾಡತೊಡಗಿದರು. ನನ್ನೊಡನೆಯಲ್ಲ. ದನಿ ಬೇರೆಯಾಗಿರುತ್ತಿತ್ತು, ಮನೆಯೊಳಗಿನ ದನಿ. ಹಿತ್ತಿಲಿನ ಬೇವಿನ ಟೊಂಗೆ ಮುರಿದಿದೆ, ತಮ್ಮನಿಂದ ಪತ್ರ ಬಂದಿದೆ, ಹೀಗೆ. ನಾನು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದೆ. ಒಂದು ದಿನ ಅವರು ಮೆಲ್ಲಗೆ ಕೇಳಿದರು:

"ದವಾ ತಗೊಂಡ್ರೇನು?"

"ತಗೊಂಡೀನಿ. ಭಾಳ ಕಹಿ ಅದ."

ಆ ಮಾತು ನನ್ನ ಬಾಯಿಂದ ಬಂದಿತ್ತು. ನಾನು ಅದನ್ನು ಯೋಚಿಸಿರಲಿಲ್ಲ. ಕೈಯಲ್ಲಿದ್ದ ಕಾಗದ ಜಾರಿ ನೀರಿಗೆ ಬಿದ್ದು, ನೆನೆದು ತಳಕ್ಕೆ ಇಳಿಯಿತು. ಬೀಬಿ ಅಮ್ಮ ಮಾತ್ರ ನಕ್ಕರು, "ಕಹಿನೇ ಇರ್ತದ," ಎಂದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಮಠದವರೆಗೆ ನಡೆದುಹೋದೆ.

ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಬರೆಯುವಾಗ ಸುತ್ತ ಸದ್ದು ಅಡಗಿದರೆ ಸಾಕು, ಎದೆಯಲ್ಲಿ ಮೂರು ಸಣ್ಣ ಉಸಿರು ತಾವೇ ಶುರುವಾಗುತ್ತಿದ್ದವು. ಹಿಡಿದರೆ ಕೆಮ್ಮು ಬರುತ್ತಿತ್ತು. ನನ್ನಾಕೆ ಎಲ್ಲ ನೋಡುತ್ತಿದ್ದಳು. ಅವಳು ಯೆಣೆಗೂರದವಳು, ಮಾತು ಕಡಿಮೆ, ಆಡಿದರೆ ನೇರ. ಮುಂದಿನ ತಿಂಗಳು ನಾನು ಹೊರಟಾಗ ಬುತ್ತಿ ಕಟ್ಟಿಕೊಂಡು ತಾನೂ ಬಂಡಿ ಹತ್ತಿದಳು.

ಆ ದಿನ ಪಡಸಾಲೆಯಲ್ಲಿ ಬಾಗಿಲಿನ ಹತ್ತಿರ ಕುಳಿತು ಎಲ್ಲವನ್ನೂ ಕಂಡಳು: ನನ್ನ ಉಸಿರು, ಮುದುಕಿಯ ಮಾತು, ನಾನು ತುಟಿ ಕಚ್ಚಿಕೊಂಡು ಉತ್ತರ ಹಿಡಿದದ್ದು. ಮರುದಿನ ತಿರುಗಿ ಬರುವಾಗ ಊರು ದಾಟಿದ ಮೇಲೆ ಕೇಳಿದಳು.

"ನೀವು ಖರೇ ಹೇಳ್ರಿ. ಆವತ್ತ ದಾರಿ ಬಂದ್ ಇತ್ತೇನು?"

ಎತ್ತು ನಿಲ್ಲಿಸಿದೆ. ಬಾವಿ, ಬಂಡಿ, ಕಂಬಳಿ, ಆ ಬಿಚ್ಚದ ನೊಗ, ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ. ದಾರಿಯ ಮೇಲೆ ಜೋಳದ ಒಣ ಎಲೆಯ ರವದಿ ಗಾಳಿಗೆ ಉರುಳುತ್ತಿತ್ತು.

"ಹೊಳ್ಳಿ ನಡೀರಿ," ಎಂದಳು. "ನನಗ ಹೇಳಿದ್ರ ಆಗೂದಿಲ್ಲ. ಆಕಿಗೆ ಹೇಳ್ರಿ."

ನಾವು ತಿರುಗಿ ಹೋದಾಗ ಬೀಬಿ ಅಮ್ಮ ಪಡಸಾಲೆಯಲ್ಲೇ ಕುಳಿತಿದ್ದರು. ನಾನು ಮೆಟ್ಟಿಲ ಮೇಲೆ ನಿಂತೇ ಹೇಳಿದೆ: "ಅಮ್ಮಾ, ಉಸ್ತಾದ್ರು ಕರದಾಗ ನಾ ಹೊಂಟಿದ್ದೆ. ಅರ್ಧ ದಾರಿಗೆ ಬಂದು ಅಂಜಿ ಹೊಳ್ಳಿ ಹೋದೆ. ದಾರಿ ಬಂದ್ ಇತ್ತು ಅಂತ ಎಲ್ಲಾರಿಗೂ ಸುಳ್ಳ ಹೇಳೀನಿ."

"ಗೊತ್ತದ," ಎಂದರು.

ನನ್ನಾಕೆ ಬಂಡಿಯಿಂದ ಇಳಿದು ನನ್ನ ಹಿಂದೆ ಬಂದು ನಿಂತಳು.

"ಬಾವಿ ತನಕ ಬಂದಿದ್ದಿ. ಆ ಕಡಿಂದ ಬರೋ ಮಂದಿ ನಿನ್ನ ಬಂಡಿ ನೋಡ್ಯಾರ. ನನಗ ಆವತ್ತೇ ಹೇಳ್ಯಾರ. ಕುಂದ್ರು, ಅಯ್ಯಾ. ಮಗಳ, ನೀನೂ ಕುಂದ್ರು."

ಕುಳಿತೆವು. ಅವರು ಹೇಳುತ್ತ ಹೋದರು, ಬೇರೆಯವರ ಮನೆಯ ಸಂಗತಿಯೇನೋ ಎಂಬಂತೆ.

"ಅವರಿಗೆ ಕಣ್ಣ ತೆರಿಲಿಕ್ಕೆ ಆಗ್ತಿದ್ದಿಲ್ಲ. ತಾಸಿಗೊಮ್ಮೆ ಕೇಳ್ತಿದ್ರು, ಅಯ್ಯ ಬಂದನೇನು, ಅಯ್ಯ ಬಂದನೇನು. ಬರ್ಲಕತ್ತಾನ ಅಂದೆ. ಬರ್ಲಕತ್ತಾನ ಅಂತ ಎಷ್ಟ ದಿನ ಅನ್ಲಿ? ಕಡೀ ದಿನ ಮಧ್ಯಾಹ್ನ, ಬಂದಾನ ಅಂದೆ. ಹಾಸಿಗಿ ಬಾಜೂಕ ಪರಾತ ಇಟ್ಟೆ. ನಲವತ್ತ ವರ್ಸ ಅದನ್ನ ತೊಳದೀನಿ, ಒಮ್ಮೆನೂ ಕುಂಚ ಹಿಡದಿಲ್ಲ. ಮಸಿ ಇಟ್ಟೆ, ಅಂಟುವಾಳ ಇಟ್ಟೆ. ಊದಬೇಕು ಅಂದ್ರ ಅಳು ಬಂತು. ಅಳು ಬಂದ್ರ ಅವರಿಗೆ ತಿಳೀತದ. ಅದಕ್ಕ ಅಳು ನುಂಗಿ ಹಂಗೇ ಉಸಿರ ಬಿಟ್ಟೆ."

ಬೀಬಿ ಅಮ್ಮ ಪರಾತದ ಅಂಚಿನ ಮೇಲೆ ಬೆರಳಾಡಿಸಿದರು.

"ಕೇಳಿಸ್ಕೊಂಡ್ರು. ಮಾರಿ ತಿಳಿಯಾತು. 'ಈಗ ಬಿಟ್ಟ, ಊದಲಿಲ್ಲ,' ಅಂದ್ರು. ಆಮ್ಯಾಲ ಮಾತಾಡಲಿಲ್ಲ."

ನನ್ನಾಕೆ ಅಳುತ್ತಿದ್ದಳು. ನನಗೆ ಅಳುವೂ ಬರಲಿಲ್ಲ. ನಾನು ಹೋಗದಿದ್ದ ಜಾಗದಲ್ಲಿ ನಾನು ಇದ್ದೆನೆಂದು ನಂಬಿ ಒಬ್ಬರು ಸತ್ತಿದ್ದರು. ನನ್ನ ಹೆಸರಿನಲ್ಲಿ ಉಸಿರು ಬಿಟ್ಟವರು ಐದಾರು ತಿಂಗಳಿಂದ ನನ್ನ ಎದುರಿಗೇ ಕುಳಿತಿದ್ದರು.

"ಮತ್ತ ನನ್ನ ಯಾಕ ಕರದ್ರಿ, ಅಮ್ಮಾ?"

"ಬಯ್ಯಬೇಕು ಅಂತ ಕರದೆ," ಎಂದರು ಬೀಬಿ ಅಮ್ಮ. "ನೀ ಬಂದು ಪರಾತದ ಮುಂದ ಕುಂತು ಉಸಿರ ಬಿಟ್ಟಿ ನೋಡು, ಬಯ್ಯೂದು ಮರತ ಹೋತು. ನನಗ ಹುಚ್ಚ ಹಿಡದಿಲ್ಲ. ಅವರಲ್ಲ ಅಂಬೂದು ಗೊತ್ತದ. ಆದರೂ ಮಾತು ತಾವೇ ಬರ್ತಾವ. ಸಾಕು, ಅಯ್ಯಾ. ಇನ್ನ ಇದಕ್ಕೋಸ್ಕರ ಬರಬ್ಯಾಡ. ನನಗ ಇದು ಅಫೀಮಿನಂಗ ಆಗ್ಲಕತ್ತದ. ನಿನಗೂ."

ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಸಂದೂಕದಿಂದ ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟರು. ಆವತ್ತಿನದು. ಬಳೆಗಳು ದಪ್ಪ, ಒಂದಕ್ಕೊಂದು ದೂರ ದೂರ. ಒಂದು ಕಡೆ ಮೃದುವಾಗಿ ವಾಲಿದ್ದವು. ಕೆಳಗಿನ ಮೂಲೆಯಲ್ಲಿ ಹಿಡಿಯಲು ಬಾರದ ಕೈಯ ಹೆಬ್ಬೆರಳು ಒತ್ತಿ, ಅಲ್ಲಿ ಬಳೆ ಅಳಿಸಿ ಬೆರಳ ಗುರುತು ಮೂಡಿತ್ತು.

"ನಿನ್ನ ಹೆಸರಿಲೆ ಮಾಡೀನಿ. ನೀನೇ ಇಟ್ಕೋ."

ಆ ಬೇಸಿಗೆಯಲ್ಲಿ ಅವರ ತಮ್ಮ ಬಂದು ಅವರನ್ನು ಭಾಲ್ಕಿಗೆ ಕರೆದುಕೊಂಡು ಹೋದ. ನನಗೆ ಸುದ್ದಿ ತಲುಪಿದ್ದು ಹೋದ ಮೇಲೆ. ಮನೆಗೆ ಬೀಗ ಬಿದ್ದಿತ್ತು. ಅವರನ್ನು ಮತ್ತೆ ನೋಡಲಿಲ್ಲ.

ಉಸಿರು ನನ್ನನ್ನು ಬಿಟ್ಟು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಆದರೆ ನನ್ನಾಕೆ ಒಂದು ಸಂಗತಿ ಕಂಡುಹಿಡಿದಳು: ಅದು ಮನೆ ಸದ್ದಿಲ್ಲದೆ ಇದ್ದಾಗ ಮಾತ್ರ ಬರುತ್ತದೆ. ನಾನು ಪರಾತದ ಮುಂದೆ ಕುಳಿತರೆ ಅವಳು ಮೊರ ಹಿಡಿದು ಪಡಸಾಲೆಗೆ ಬಂದು, ಜೋಳ ಕೇರುತ್ತ, ಕಡಿಮೆ ಮಾತಿನವಳು, ಬೇಕೆಂದೇ ಮಾತಾಡುತ್ತ ಕೂರುತ್ತಿದ್ದಳು. ತವರಿನ ಎಮ್ಮೆ ಈದದ್ದು, ಓಣಿಯವರ ಜಗಳ. ಗದ್ದಲದಲ್ಲಿ ಮಾಡಿದ ಕಾಗದ ಉಸ್ತಾದರದಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಒಂದೆರಡು ಬಳೆ ಹರಿಯುತ್ತಿದ್ದವು. ಹರಿದದ್ದು ನಾನೇ ಹರಿದದ್ದು ಎಂದು ನನಗೆ ಸಮಾಧಾನವಾಗುತ್ತಿತ್ತು.

ಬೀಬಿ ಅಮ್ಮನ ಕಾಗದವನ್ನು ಏನು ಮಾಡಬೇಕೆಂದು ಮೂರು ವರ್ಷ ತಿಳಿಯಲಿಲ್ಲ. ಮನೆಯಲ್ಲಿ ಇಟ್ಟರೆ ಕಣ್ಣಿಗೆ ಬೀಳುತ್ತಿತ್ತು. ಯಾರಿಗಾದರೂ ಕೊಡಲು ಮನಸ್ಸಿಲ್ಲ. ಕೊನೆಗೆ ಸಾಸ್ತೂರದ ಒಕ್ಕಲಿಗರ ಮನೆಯೊಂದಕ್ಕೆ ಶ್ರಾವಣಕ್ಕೆಂದು ಬರೆದ ಪುರಾಣದ ಮೇಲುರಟ್ಟಿನ ಒಳಮೈಗೆ ಅದನ್ನು ಅಂಟಿಸಿದೆ. ಓದು ಶುರುವಾಗುವ ದಿನ ನಾನೇ ಒಯ್ದು ಕೊಟ್ಟೆ. ಮನೆಯ ಹಿರಿಯ ರಟ್ಟು ತೆರೆದು ನೋಡಿದ. ಬೆರಳ ಗುರುತಿನ ಮೇಲೆ ಅವನ ಕಣ್ಣು ನಿಂತಿತು.

"ಅಯ್ಯಾವರ, ಇಲ್ಲಿ ಜರಾ ಕೆಟ್ಟದಲ್ರಿ. ಇದು ನಿಮ್ಮ ಕೈದೇನು?"

ಹೌದು ಎಂದುಬಿಡಬಹುದಿತ್ತು.

"ನಂದಲ್ಲ. ಉದಗೀರದ ಒಬ್ಬ ತಾಯಿ ಮಾಡ್ಯಾರ. ಅವರ ಮನಿಯವರು ಜೀವಾ ಬಿಡೂ ಹೊತ್ತಿನ್ಯಾಗ, ಅವರಿಗೆ ಸಮಾಧಾನ ಆಗ್ಲಿ ಅಂತ ಮಾಡ್ಯಾರ. ಅದು ಅವರ ಹೆಬ್ಬೆಟ್ಟು."

"ಯಾವ ಮಂದಿ?"

"ಮುಸಲರ ಮಂದಿ."

ಹಿರಿಯ ಪೋಥಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆ ಜ್ವರದ ವರ್ಷ ಅವನ ಮನೆಯಿಂದಲೂ ಇಬ್ಬರು ಹೋಗಿದ್ದರೆಂದು ನನಗೆ ಗೊತ್ತಿತ್ತು. ಆಮೇಲೆ ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ ಒಮ್ಮೆ ಇಟ್ಟು ತೆಗೆದು, ರಟ್ಟು ಮುಚ್ಚಿ, ಪೋಥಿಯನ್ನು ಓದುವವನ ಮುಂದಿನ ಮಣೆಯ ಮೇಲೆ ಇಟ್ಟ. ಹೆಂಗಸರು ಒಳಗಿನಿಂದ ವಿಭೂತಿ, ಪತ್ರಿ ತಂದರು. ಓದು ಶುರುವಾಯಿತು. ನಾನು ಗೋಡೆಗೆ ಒರಗಿ, ಮೊದಲ ಅಧ್ಯಾಯ ಮುಗಿಯುವವರೆಗೆ ಕೇಳಿ ಎದ್ದು ಬಂದೆ.